ಮಾರುವ ಮನೆಗೆ ಎಷ್ಟು ರಿಪೇರಿ ಸಾಕು?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಹಳೇ ಮನೆ ಇದೆ. 30x40 ಸೈಟು. ಅಪ್ಪ 1990ರಲ್ಲಿ ಕಟ್ಟಿಸಿದ್ದು. ಕೆಳಗೆ ಎಂಟು ಚದರ. ಮೇಲೆ 2006ರಲ್ಲಿ ಹಾಕಿಸಿದ ಒಂದು ರೂಮು, ಬಾತ್‌ರೂಮು. ಎಲ್ಲ ಸೇರಿ ಹತ್ತು ಚದರ ಆಗಬಹುದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದರು. ಮನೆ ಈಗ ಖಾಲಿ. ಬರುವ ಯುಗಾದಿ ಆದಮೇಲೆ ಮಾರೋಣ ಅಂತ ಎಲ್ಲರೂ ಒಪ್ಪಿದ್ದೇವೆ. ಅಮೆರಿಕದಲ್ಲಿರುವ ಅಣ್ಣ, ‘ಅಡುಗೆಮನೆ ಮಾಡ್ಯುಲರ್ ಮಾಡಿಸಿ, ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿಸಿ, ನೆಲಕ್ಕೆಲ್ಲ ಟೈಲ್ಸ್ ಹಾಕಿಸಿ, ಒಳ್ಳೆ ರೇಟ್ ಬರುತ್ತೆ’ ಅನ್ನುತ್ತಾನೆ. ಅದಕ್ಕೆ ಕಾಂಟ್ರಾಕ್ಟರ್ 14 ಲಕ್ಷ ಹೇಳಿದ್ದಾರೆ. ಅಕ್ಕ, ‘ಒಂದು ರೂಪಾಯಿನೂ ಹಾಕಬೇಡಿ, ಇದ್ದ ಹಾಗೇ ಮಾರಿಬಿಡಿ’ ಅನ್ನುತ್ತಾಳೆ. ಮೇಲಿನ ಬಾತ್‌ರೂಮಿನ ನೇರ ಕೆಳಗೆ, ದೇವರ ಮನೆ ಗೋಡೆಯಲ್ಲಿ ತೇವ ಇದೆ. ಏನು ಮಾಡಿಸಬೇಕು, ಏನು ಬಿಡಬೇಕು, ಯಾವುದು ಮೊದಲು?

ಉತ್ತರ: 14 ಲಕ್ಷದ ಕೆಲಸ ಬೇಡ. ಹಾಗಂತ ಇದ್ದ ಹಾಗೇ ಮಾರುವುದೂ ಬೇಡ. ನಿಮ್ಮ ಅಣ್ಣ ಹೇಳುವುದು ಅವರು ಇರುವ ಊರಿಗೆ ಸರಿ. ಅಲ್ಲಿ ಮನೆ ಕೊಳ್ಳುವವರು ಕಟ್ಟಡ ನೋಡಿ, ಅಡುಗೆಮನೆ ನೋಡಿ ಬೆಲೆ ಹೇಳುತ್ತಾರೆ. ಕುವೆಂಪುನಗರದ 35 ವರ್ಷದ ಮನೆಗೆ ಬರುವವರು ಮೊದಲು ನೋಡುವುದು ಸೈಟನ್ನು. ರಸ್ತೆ ಎಷ್ಟು ಅಗಲ, ಯಾವ ದಿಕ್ಕು, ಪಕ್ಕದಲ್ಲಿ ಯಾರಿದ್ದಾರೆ, ಕಾಗದ ಸರಿ ಇದೆಯಾ. ಕಟ್ಟಡದ ಮಾತು ಆಮೇಲೆ.

ಬ್ಯಾಂಕಿನ ವ್ಯಾಲ್ಯುವರ್ ನಿಮ್ಮ ಮನೆಗೆ ಹೇಗೆ ಬೆಲೆ ಕಟ್ಟುತ್ತಾರೆ ಅಂತ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಸೈಟಿನ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಕಟ್ಟಡಕ್ಕೆ ಸಾಮಾನ್ಯವಾಗಿ 60 ವರ್ಷ ಆಯಸ್ಸು ಹಿಡಿಯುತ್ತಾರೆ. ಕೊನೆಗೆ 10 ಪರ್ಸೆಂಟ್ ಉಳಿಯುತ್ತದೆ ಎಂದಿಟ್ಟು, ಮಿಕ್ಕ 90 ಪರ್ಸೆಂಟನ್ನು ವರ್ಷವರ್ಷ ಸಮನಾಗಿ ಕಳೆಯುತ್ತಾ ಬರುತ್ತಾರೆ. ಹತ್ತು ಚದರ ಅಂದರೆ ಸಾವಿರ ಚದರಡಿ. ಹೊಸದಾಗಿ ಕಟ್ಟಲು ಚದರಡಿಗೆ 2,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಟ್ಟು 20 ಲಕ್ಷ. 35 ವರ್ಷಕ್ಕೆ ಕಳೆಯುವುದು 52.5 ಪರ್ಸೆಂಟ್, ಅಂದರೆ ಹತ್ತೂವರೆ ಲಕ್ಷ. ಉಳಿಯುವುದು ಒಂಬತ್ತೂವರೆ ಲಕ್ಷ. ಮೇಲಿನ ರೂಮು ಹೊಸದಾದ್ದರಿಂದ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಆದರೂ ಒಂಬತ್ತೂವರೆ ಲಕ್ಷದ ಕಟ್ಟಡಕ್ಕೆ 14 ಲಕ್ಷ ಸುರಿಯುವುದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ನೀವು ಹಾಕಿಸಿದ ಮಾಡ್ಯುಲರ್ ಕಿಚನ್‌ಗೆ ಕೊಳ್ಳುವವರು ‘ಚೆನ್ನಾಗಿದೆ’ ಅಂತಾರೆ. ಅದಕ್ಕೆ ಅಂತ ಲಕ್ಷಗಟ್ಟಲೆ ಜಾಸ್ತಿ ಕೊಡುವುದಿಲ್ಲ.

ಹಾಗಾದರೆ ಅಕ್ಕ ಹೇಳಿದ್ದೇ ಸರಿಯಲ್ವಾ? ಅಲ್ಲ. ದೇವರ ಮನೆ ಗೋಡೆಯ ತೇವ ನೋಡಿದವರು ಅದರ ರಿಪೇರಿಗೆ ಎಷ್ಟಾಗುತ್ತದೋ ಅಷ್ಟನ್ನೇ ಕಳೆಯುವುದಿಲ್ಲ. ‘ಇಲ್ಲಿ ಹೀಗಿದೆ, ಕಾಣದೇ ಇರುವ ಕಡೆ ಇನ್ನೆಷ್ಟಿದೆಯೋ’ ಅನ್ನುವ ಭಯಕ್ಕೂ ಸೇರಿಸಿ ಕಳೆಯುತ್ತಾರೆ. ನಲವತ್ತು ಸಾವಿರದ ಕೆಲಸ ಬಾಕಿ ಇದ್ದರೆ ಮೂರು ಲಕ್ಷ ಇಳಿಸಿ ಕೇಳುತ್ತಾರೆ. ಆದ್ದರಿಂದ ನಿಮ್ಮ ದುಡ್ಡು ಹೋಗಬೇಕಾದ್ದು ಅನುಮಾನ ಹುಟ್ಟಿಸುವ ಜಾಗಗಳಿಗೆ ಮಾತ್ರ. ಚೆಂದಕ್ಕೆ ಬೇಕಾದ್ದನ್ನು ಬರುವವರು ತಮ್ಮ ಇಷ್ಟದಂತೆ ಮಾಡಿಸಿಕೊಳ್ಳಲಿ. ನನ್ನ ಅಂದಾಜಿನಲ್ಲಿ ನಿಮ್ಮ ಕೆಲಸ ಮೂರು ಲಕ್ಷದೊಳಗೆ ಮುಗಿಯಬೇಕು. ನಾಲ್ಕು ದಾಟುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಒಂದು ಕೆಲಸ ಇದೆ. ಒಂದು ಭಾನುವಾರ ಮೈಸೂರಿಗೆ ಹೋಗಿ. ನಿಮ್ಮ ಕ್ರಾಸ್‌ನಲ್ಲಿ, ಹಿಂದಿನ ಮುಂದಿನ ಕ್ರಾಸ್‌ಗಳಲ್ಲಿ ಈಚೆಗೆ ಯಾವ ಯಾವ ಮನೆ ಮಾರಾಟವಾಗಿದೆ ಅಂತ ಅಕ್ಕಪಕ್ಕದವರನ್ನು ಕೇಳಿ. ಆಮೇಲೆ ನಡೆದುಕೊಂಡು ಹೋಗಿ ಆ ಮನೆಗಳನ್ನು ನೋಡಿ. ಕೊಂಡವರು ಅಲ್ಲೇ ವಾಸ ಇದ್ದಾರಾ, ಬಾಡಿಗೆಗೆ ಕೊಟ್ಟಿದ್ದಾರಾ, ಅಥವಾ ಕೆಡವಿ ಎರಡು ಮಹಡಿ ಎಬ್ಬಿಸಿದ್ದಾರಾ? ಹೆಚ್ಚಿನವರು ಕೆಡವಿದ್ದರೆ ನಿಮ್ಮ ಮನೆಗೆ ಬರುವವರೂ ಕೆಡವುವವರೇ. ಆಗ ಪೇಂಟೂ ಬೇಡ, ಪಾಲಿಶೂ ಬೇಡ. ಮನೆ ಖಾಲಿ ಮಾಡಿ, ಗುಡಿಸಿ, ಸೈಟಿನ ನಾಲ್ಕು ಮೂಲೆ ಅಳತೆ ಹಿಡಿದು, ಕಾಗದ ಸರಿ ಮಾಡಿಕೊಂಡು ಕೂತರೆ ಸಾಕು. ವಾಸಕ್ಕೋ ಬಾಡಿಗೆಗೋ ಕೊಂಡವರೇ ಜಾಸ್ತಿ ಇದ್ದರೆ ಮುಂದೆ ಹೇಳುವುದೆಲ್ಲ ನಿಮಗೆ ಬೇಕಾಗುತ್ತದೆ.

ಎರಡೂ ಸಂದರ್ಭಕ್ಕೆ ಕಾಗದದ ಕೆಲಸ ಮೊದಲು. ನೀವು ಕೇಳಿದ್ದು ರಿಪೇರಿ ಬಗ್ಗೆ, ಗೊತ್ತು. ಆದರೆ ನಿಮ್ಮ ಮನೆಯಲ್ಲಿ ನನಗೆ ಗೋಡೆಯ ತೇವಕ್ಕಿಂತ ಜಾಸ್ತಿ ಯೋಚನೆ ಆಗಿದ್ದು ಆ 2006ರ ರೂಮಿನದು. ಅದಕ್ಕೆ ಪ್ಲಾನ್ ಮಂಜೂರಾಗಿತ್ತಾ? ಅಪ್ಪನ ಫೈಲ್‌ನಲ್ಲಿ ಹುಡುಕಿ. ಆ ಕಾಲದಲ್ಲಿ ಮೇಸ್ತ್ರಿಯನ್ನು ಕರೆದು ಮೇಲೊಂದು ರೂಮು ಹಾಕಿಸಿಬಿಟ್ಟವರು ಬಹಳ ಜನ. ಪ್ಲಾನ್‌ನಲ್ಲಿ ಇಲ್ಲದ ಭಾಗಕ್ಕೆ ಬ್ಯಾಂಕಿನ ವ್ಯಾಲ್ಯುವರ್ ಬೆಲೆ ಕಟ್ಟದೇ ಬಿಡಬಹುದು. ಬೆಲೆ ಕಡಿಮೆ ಬರೆದರೆ ಕೊಳ್ಳುವವರಿಗೆ ಸಾಲ ಕಡಿಮೆ ಸಿಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕಿಂತ ಮೇಲಿನ ಗೃಹಸಾಲಕ್ಕೆ ಆಸ್ತಿಯ ಬೆಲೆಯ 75 ಪರ್ಸೆಂಟ್‌ವರೆಗೆ ಮಾತ್ರ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ 80 ಪರ್ಸೆಂಟ್. ಮಿಕ್ಕಿದ್ದು ಅವರ ಕೈಯಿಂದ ಬರಬೇಕು. ಎಷ್ಟೋ ವ್ಯವಹಾರ ಕೊನೇ ಗಳಿಗೆಯಲ್ಲಿ ಮುರಿದು ಬೀಳುವುದು ಇಲ್ಲೇ. ಆದ್ದರಿಂದ ಪ್ಲಾನ್ ಇದ್ದರೆ ಎದುರಿಗೇ ಇಡಿ. ಇಲ್ಲದಿದ್ದರೆ ಈಗಲೇ ಒಬ್ಬ ಎಂಜಿನಿಯರ್ ಹತ್ತಿರ ಮಾತಾಡಿ, ಬಂದವರಿಗೆ ಮೊದಲ ದಿನವೇ ಹೇಳಿ.

ಉಳಿದ ಕಾಗದಗಳನ್ನೂ ಬೇಗ ಹೇಳಿ ಮುಗಿಸುತ್ತೇನೆ. ಅಪ್ಪ ವಿಲ್ ಬರೆದಿಲ್ಲದಿದ್ದರೆ, ಮನೆ ಅವರ ಸ್ವಂತ ಸಂಪಾದನೆಯದಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ ಮತ್ತು ನೀವು ಮೂವರು ಮಕ್ಕಳು ತಲಾ ಕಾಲು ಪಾಲಿನ ಹಕ್ಕುದಾರರು. ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ತೆಗೆದುಕೊಂಡು ಖಾತೆಯನ್ನು ನಾಲ್ವರ ಹೆಸರಿಗೆ ಮಾಡಿಸಿ, ಆಮೇಲೆ ಅದರ ಡಿಜಿಟಲ್ ರೂಪವಾದ ಇ-ಖಾತೆ. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಸೈಟು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಮುಡಾದಿಂದಲೋ, 1988ರಲ್ಲಿ ಮುಡಾ ಆಗುವ ಮುಂಚೆ ಇದ್ದ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸಿಐಟಿಬಿಯಿಂದಲೋ ಹಂಚಿಕೆಯಾಗಿದ್ದರೆ, ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಅವಧಿ ಮುಗಿದ ಮೇಲೆ ಅಪ್ಪ ಪೂರ್ತಿ ಕ್ರಯಪತ್ರ ಮಾಡಿಸಿಕೊಂಡಿದ್ದರಾ ನೋಡಿ. ಇಸಿಯನ್ನು, ಅಂದರೆ ಆಸ್ತಿಯ ಮೇಲೆ ಯಾವ ಸಾಲ, ವ್ಯವಹಾರ ಇದೆ ಅಂತ ತೋರಿಸುವ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿ. ಅಪ್ಪ ಹಿಂದೆ ಸಾಲ ತೀರಿಸಿದ್ದರೂ ಅಡಮಾನದ ನಮೂದು ಹಾಗೇ ಉಳಿದಿರುವುದು ಉಂಟು. ಅದನ್ನು ಬ್ಯಾಂಕಿನಿಂದ ತೆರವು ಮಾಡಿಸಬೇಕು. ಕರೆಂಟಿನ ಆರ್‌ಆರ್ ನಂಬರ್, ನೀರಿನ ಬಿಲ್ಲು ಯಾರ ಹೆಸರಲ್ಲಿದೆ, ಬಾಕಿ ಇದೆಯಾ ಅದನ್ನೂ ನೋಡಿಡಿ.

ಈಗ ಗೋಡೆಗೆ ಬರೋಣ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡುತ್ತೇನೆ. ಯಾಕಂದರೆ ಹಳೇ ಮನೆ ರಿಪೇರಿಯಲ್ಲಿ ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ತೇವದ ಕಾರಣ ಕಂಡುಹಿಡಿಯದೆ ಕೆಲಸ ಶುರು ಮಾಡುವುದರಿಂದ.

ಗೋಡೆಗೆ ನೀರು ಬರುವ ದಾರಿ ಮೂರು. ಮೇಲಿನಿಂದ, ಅಂದರೆ ತಾರಸಿಯಿಂದ. ಒಳಗಿನಿಂದ, ಅಂದರೆ ಪೈಪು, ಬಚ್ಚಲಿನಿಂದ. ಕೆಳಗಿನಿಂದ, ಅಂದರೆ ಪಾಯದಿಂದ ಮೇಲೇರುವ ತೇವ. ಪಾಯದ ತೇವ ನೆಲದಿಂದ ಮೂರಡಿ ಎತ್ತರದವರೆಗೆ ಬಂದು, ಅಲ್ಲಿ ಒಂದು ಅಂಕುಡೊಂಕು ಗೆರೆ ಬಿಟ್ಟಿರುತ್ತದೆ. ಅದರ ಕೆಳಗೆ ಪೇಂಟು ಉಬ್ಬಿ, ಬೆರಳಿಂದ ಉಜ್ಜಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತದೆ. ತಾರಸಿಯ ನೀರಾದರೆ ಮಳೆಗಾಲದಲ್ಲಿ ಜಾಸ್ತಿಯಾಗಿ ಬೇಸಿಗೆಯಲ್ಲಿ ಒಣಗುತ್ತದೆ. ಬಚ್ಚಲಿನ ನೀರಿಗೆ ಕಾಲ ಇಲ್ಲ. ಮೇಲೆ ಯಾರಾದರೂ ಸ್ನಾನ ಮಾಡುತ್ತಿದ್ದರೆ ತೇವ ಇರುತ್ತದೆ, ಇಲ್ಲದಿದ್ದರೆ ಕಡಿಮೆಯಾಗುತ್ತದೆ.

ನಿಮ್ಮ ಮನೆ ಖಾಲಿ ಇರುವುದು ಇಲ್ಲಿ ಅನುಕೂಲವೇ. ಮಳೆ ಇಲ್ಲದ ವಾರ ನೋಡಿಕೊಂಡು ಹೋಗಿ. ದೇವರ ಮನೆಯ ತೇವದ ಅಂಚಿನ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮೇಲಿನ ಬಾತ್‌ರೂಮಿಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚಿ ಬನ್ನಿ. ಎರಡು ವಾರ ಬಿಟ್ಟು ನೋಡಿ. ತೇವ ಗೆರೆಯಿಂದ ಒಳಕ್ಕೆ ಸರಿದಿದ್ದರೆ ನೀರು ಮೇಲಿನ ಬಾತ್‌ರೂಮಿನದೇ ಅಂತ ಆಯಿತು. ಈಗ ಯಾವ ಜಾಗದಿಂದ ಅಂತ ಹುಡುಕಬೇಕು. ನೆಲದ ಜಾಲರಿಯ ಬಾಯಿಯನ್ನು ಪ್ಲಾಸ್ಟಿಕ್ ಮತ್ತು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಬೆರಳು ಎತ್ತರ ನೀರು ನಿಲ್ಲಿಸಿ, 24 ಗಂಟೆ ಬಿಡಿ. ನೀರಿನ ಮಟ್ಟ ಇಳಿದು ಕೆಳಗೆ ತೇವ ಬಂದರೆ ಟೈಲ್ಸ್ ಸಂದಿಯಿಂದ ಇಳಿಯುತ್ತಿದೆ. ನೀರು ಹಾಗೇ ನಿಂತಿದ್ದು, ಜಾಲರಿ ತೆಗೆದು ಹರಿಯಬಿಟ್ಟ ಮೇಲೆ ತೇವ ಕಂಡರೆ ಟ್ರ್ಯಾಪ್ (ಜಾಲರಿ ಕೆಳಗಿನ ಬಾಗು) ಅಥವಾ ಹೊರಹೋಗುವ ಪೈಪಿನ ಜಾಯಿಂಟ್ ಬಿಟ್ಟಿದೆ. ಎರಡೂ ಇಲ್ಲ, ವಾಲ್ವ್ ತೆರೆದ ಕೂಡಲೇ ತೇವ ಬರುತ್ತದೆ ಅಂದರೆ ಗೋಡೆಯೊಳಗಿನ ನೀರಿನ ಪೈಪು. ಆ ಕಾಲದ ಜಿಐ (ಸತು ಲೇಪದ ಕಬ್ಬಿಣ) ಪೈಪುಗಳು ಒಳಗೇ ತುಕ್ಕು ಹಿಡಿದು ತೂತಾಗಿರುತ್ತವೆ.

ಈ ಮೂರಕ್ಕೂ ರಿಪೇರಿ ಬೇರೆ ಬೇರೆ. ಟೈಲ್ಸ್ ಸಂದಿಯಾದರೆ ಹಳೇ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಜಾಯಿಂಟ್ ಆದರೆ ಆ ಜಾಗ ಮಾತ್ರ ಒಡೆದರೆ ಆಯಿತು. ಪೈಪಾದರೆ ಹಳೆಯದನ್ನು ಹುಡುಕಲು ಹೋಗದೆ, ಅದನ್ನು ಮುಚ್ಚಿ ಹೊಸ ಸಿಪಿವಿಸಿ (ಪ್ಲಾಸ್ಟಿಕ್) ಪೈಪನ್ನು ಗೋಡೆ ಮೇಲಿಂದಲೇ ತರಬಹುದು. ಇಡೀ ಬಾತ್‌ರೂಮು ಒಡೆಯೋಣ ಅಂತ ಮೊದಲ ಮಾತಿಗೇ ಹೇಳುವ ಮೇಸ್ತ್ರಿಗೆ ಸ್ವಲ್ಪ ತಾಳಪ್ಪ ಅನ್ನಿ. ಆದರೆ ಒಂದು ವಿಷಯ. ಬಚ್ಚಲಿನ ಸ್ಲ್ಯಾಬ್ ಕೆಳಗೆ ಇಳಿಸಿ ಇಟ್ಟಿಗೆ ಚೂರು ತುಂಬಿದ್ದರೆ, ವರ್ಷಗಟ್ಟಲೆ ಇಳಿದ ನೀರನ್ನು ಆ ಚೂರು ಸ್ಪಂಜಿನ ಹಾಗೆ ಹೀರಿಕೊಂಡಿರುತ್ತದೆ. ರಿಪೇರಿ ಆದಮೇಲೂ ಕೆಲವು ವಾರ ಕೆಳಗೆ ತೇವ ಕಾಣುತ್ತದೆ. ಗಾಬರಿ ಬೇಡ, ಗೋಡೆಗೆ ಕೈ ಹಾಕುವುದೂ ಬೇಡ. ಅದು ಒಣಗಬೇಕು.

ತಾರಸಿಯನ್ನು ನೀವೇ ಹತ್ತಿ ನೋಡಿ. ನಡುವೆ ನೋಡುವುದಕ್ಕಿಂತ ಅಂಚು ನೋಡುವುದು ಮುಖ್ಯ. ಪ್ಯಾರಪೆಟ್ ಗೋಡೆ ಸ್ಲ್ಯಾಬ್‌ಗೆ ಕೂಡುವ ಮೂಲೆ, ಮಳೆ ನೀರು ಇಳಿಯುವ ಪೈಪಿನ ಬಾಯಿ, ಟ್ಯಾಂಕ್ ಕಾಲುಗಳ ಬುಡ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಈ ಮೂರು ಕಡೆ. ಪೈಪಿನ ಬಾಯಿಯಲ್ಲಿ ತೆಂಗಿನ ಗರಿ, ಎಲೆ ಕೊಳೆತು ಗೊಬ್ಬರವಾಗಿ, ಅದರಲ್ಲಿ ಅರಳಿ ಗಿಡ ಹುಟ್ಟಿದ್ದರೆ ಬೇರು ಸಮೇತ ತೆಗೆಸಿ. ಕತ್ತರಿಸಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ವಾಟರ್‌ಪ್ರೂಫ್ ಕೋಟಿಂಗ್ ಹಚ್ಚುವ ಮುಂಚೆ ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಬಿರುಕು ತುಂಬಿ, ಒಣಗಿಸಬೇಕು. ಮೂಲೆಗಳಲ್ಲಿ ಫೈಬರ್ ಬಲೆ ಹಾಸಿ, ಮೊದಲ ಕೋಟ್ ಒಂದು ದಿಕ್ಕಿಗೆ, ಎರಡನೆಯದು ಅದಕ್ಕೆ ಅಡ್ಡಲಾಗಿ. ಪಾಚಿ ಮೇಲೇ ಬಳಿದರೆ ವರ್ಷ ತುಂಬುವುದರೊಳಗೆ ಹಪ್ಪಳದಂತೆ ಏಳುತ್ತದೆ.

ಸಜ್ಜಾದ ಅಡಿ, ಬಾತ್‌ರೂಮಿನ ಅಡಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಅದರ ಮೇಲೆ ಸುಮ್ನೆ ಗಾರೆ ಮೆತ್ತಬೇಡಿ. ಸಡಿಲ ಕಾಂಕ್ರೀಟ್ ಕೆಡವಿ, ಕಂಬಿಯ ತುಕ್ಕು ಉಜ್ಜಿ ತೆಗೆದು, ತುಕ್ಕು ತಡೆಯುವ ಲೇಪ ಹಚ್ಚಿ, ಆಮೇಲೆ ಪಾಲಿಮರ್ ಸೇರಿಸಿದ ಗಾರೆ. ಸಜ್ಜಾಕ್ಕೆ ಇಷ್ಟು ಸಾಕು. ಮನೆಯೊಳಗಿನ ಮುಖ್ಯ ಸ್ಲ್ಯಾಬ್‌ನಲ್ಲಿ ಹೀಗಿದ್ದರೆ ಎಂಜಿನಿಯರ್‌ಗೆ ತೋರಿಸದೆ ಮುಟ್ಟಬೇಡಿ.

ಇದನ್ನೆಲ್ಲ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಮಾರುವವರು ಸಾಮಾನ್ಯವಾಗಿ ಮಾಡುವುದೇ ಬೇರೆ. ತೇವದ ಮೇಲೆ ಪುಟ್ಟಿ ಮೆತ್ತಿ, ಎರಡು ಕೋಟ್ ಪೇಂಟ್ ಹೊಡೆಸಿಬಿಡುತ್ತಾರೆ. ಮನೆ ನೋಡಲು ಬರುವವರ ಜೊತೆ ಒಬ್ಬ ಮೇಸ್ತ್ರಿಯೋ, ಕಟ್ಟಡ ಗೊತ್ತಿರುವ ಸೋದರಮಾವನೋ ಇದ್ದೇ ಇರುತ್ತಾರೆ. ಅವರು ಹಾಲ್‌ನಲ್ಲಿ ಕೂರುವುದಿಲ್ಲ. ನೇರ ಮನೆಯ ಹಿಂದಕ್ಕೆ ಹೋಗಿ ಬಚ್ಚಲಿನ ಹೊರಗೋಡೆ ನೋಡುತ್ತಾರೆ. ಒಂದು ಗೋಡೆಗೆ ಮಾತ್ರ ಹೊಸ ಪೇಂಟ್ ಇದ್ದರೆ ಅಲ್ಲಿಗೇ ಅನುಮಾನ. ಫಾಲ್ಸ್ ಸೀಲಿಂಗ್ ಇದ್ದರೆ ‘ಮೇಲೆ ಏನು ಮುಚ್ಚಿದ್ದೀರಿ’ ಅನ್ನುವುದೇ ಮೊದಲ ಪ್ರಶ್ನೆ. ಕಾನೂನೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ನೀವು ರಿಪೇರಿ ಮಾಡಿಸುವಾಗ ಫೋಟೋ ತೆಗೆದಿಡಿ. ಒಡೆದಾಗಿನದು, ಪೈಪು ಬದಲಿಸಿದ್ದು, ಮುಚ್ಚಿದ್ದು. ಬಿಲ್ಲೂ ಇಡಿ. ‘ಇಲ್ಲಿ ಸೋರುತ್ತಿತ್ತು, ಹೀಗೆ ಸರಿ ಮಾಡಿಸಿದೆವು’ ಅಂತ ನೀವೇ ತೋರಿಸಿದರೆ ಆ ಸೋದರಮಾವನೇ ನಿಮ್ಮ ಪರ ಮಾತಾಡುತ್ತಾರೆ.

ಮುಂದಿನದು ವೈರಿಂಗ್. 1990ರ ಮನೆಯಲ್ಲಿ ಮೇನ್ ಬೋರ್ಡ್‌ನಲ್ಲಿ ಪಿಂಗಾಣಿ ಫ್ಯೂಸ್ ಕ್ಯಾರಿಯರ್ ಇನ್ನೂ ಇದ್ದರೆ ಬದಲಾಯಿಸಿ. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇರುವ ಡಿಬಿ ಬಾಕ್ಸ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ತಿಂಗ್. ಇಷ್ಟು ಮಾಡಿಸಿದರೆ ನೋಡುವವರಿಗೆ ಧೈರ್ಯ ಬರುತ್ತದೆ. ಇಡೀ ಮನೆಗೆ ಹೊಸ ವೈರ್ ಎಳೆಸಬೇಡಿ. ಗೀಸರ್ ಪಾಯಿಂಟ್‌ನಿಂದ ಸುಟ್ಟ ವಾಸನೆ ಬರುತ್ತಿದ್ದರೆ ಅದನ್ನು ಸರಿ ಮಾಡಿಸಿ, ಅಷ್ಟೇ. ಇದರ ಜೊತೆ ಗೆದ್ದಲು. ಬಾಗಿಲ ಚೌಕಟ್ಟಿನ ಬುಡ, ಅಟ್ಟದ ಹಲಗೆ, ಗೋಡೆ ಬೀರು. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಔಷಧಿ ಹಾಕಿಸಿ, ಹಾಳಾದ ಹಲಗೆ ಕಿತ್ತುಹಾಕಿ.

ನೆಲಕ್ಕೆ ಟೈಲ್ಸ್ ಬೇಡವೇ ಬೇಡ. ಆ ಕಾಲದ ಮನೆ ಅಂದರೆ ಮೊಸಾಯಿಕ್ ಅಥವಾ ಕೆಂಪು ಗಾರೆ ನೆಲ ಇರಬೇಕು. ಮೊಸಾಯಿಕ್‌ಗೆ ಮಷಿನ್ ಪಾಲಿಶ್ ಹೊಡೆಸಿ. ಟೈಲ್ಸ್ ಹಾಕಿಸುವ ಖರ್ಚಿನಲ್ಲಿ ಸಣ್ಣ ಪಾಲು ಮಾತ್ರ ಆಗುತ್ತದೆ, ನೆಲ ಕನ್ನಡಿಯಂತೆ ಬರುತ್ತದೆ. ಕೆಂಪು ನೆಲವನ್ನಂತೂ ದಯವಿಟ್ಟು ಉಳಿಸಿ. ಅಂಥ ನೆಲ ಹಾಕುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ, ಅದನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ. ಅಡುಗೆಮನೆಯ ಕಡಪ ಕಲ್ಲೂ ಇರಲಿ. ಸಿಂಕ್ ಸೋರುತ್ತಿದ್ದರೆ ಸಿಂಕ್, ನಲ್ಲಿ ತೊಟ್ಟಿಕ್ಕುತ್ತಿದ್ದರೆ ನಲ್ಲಿ ಬದಲಿಸಿ. ಎಣ್ಣೆ ಜಿಡ್ಡು ತೆಗೆಸಿ. ಟಾಯ್ಲೆಟ್‌ಗಳು ಮಾತ್ರ ಪೂರ್ತಿ ಸ್ವಚ್ಛವಾಗಿರಬೇಕು. ಹಳದಿ ಕಲೆ ಹೋಗದ ಕಮೋಡ್, ಬಿರುಕು ಬಿಟ್ಟ ಬೇಸಿನ್ ಇದ್ದರೆ ಹೊಸದು ಹಾಕಿಸುವುದು ಒಳ್ಳೆಯದು. ಹೆಂಗಸರು ಮನೆ ನೋಡಲು ಬಂದಾಗ ಮೊದಲು ನೋಡುವ ಎರಡು ಜಾಗ ಅಡುಗೆಮನೆ, ಟಾಯ್ಲೆಟ್.

ವಾಸ್ತು ವಿಷಯಕ್ಕೆ ಗೋಡೆ ಒಡೆಸಬೇಡಿ. ಕೊಳ್ಳುವವರು ತಮ್ಮದೇ ವಾಸ್ತು ಪಂಡಿತರನ್ನು ಕರೆದುಕೊಂಡು ಬರುತ್ತಾರೆ. ನಿಮ್ಮ ಪಂಡಿತರು ಹೇಳಿದ್ದು ಅವರಿಗೆ ಒಪ್ಪಿಗೆ ಆಗುತ್ತದೆ ಅಂತ ಏನೂ ಇಲ್ಲ. ಈಶಾನ್ಯದಲ್ಲಿ ಹಳೇ ಸಾಮಾನು ರಾಶಿ ಬಿದ್ದಿದ್ದರೆ ತೆಗೆಸಿ, ಸಂಪು ತೊಳೆಸಿ, ಮುಂಬಾಗಿಲು ಕಿರುಗುಟ್ಟದ ಹಾಗೆ ಮಾಡಿಸಿ. ಇದಿಷ್ಟು ಯಾವ ಶಾಸ್ತ್ರಕ್ಕೂ ವಿರೋಧ ಆಗುವುದಿಲ್ಲ.

ಪೇಂಟು ಕೊನೆಗೆ. ಎಲ್ಲ ಒಡೆಯುವ, ಮೆತ್ತುವ, ಕೊರೆಯುವ ಕೆಲಸ ಮುಗಿದು, ಹೊಸ ಗಾರೆ ಕನಿಷ್ಠ ನಾಲ್ಕು ವಾರ ಒಣಗಿದ ಮೇಲೆ. ಎಷ್ಟು ಚದರಡಿಗೆ ಪೇಂಟ್ ಬಿಲ್ ಬರುತ್ತದೆ ಅಂತ ಅಂದಾಜು ಬೇಕಾದರೆ, ಮನೆಯೊಳಗಿನ ನೆಲದ ಅಳತೆಯನ್ನು ಮೂರೂವರೆಯಿಂದ ಗುಣಿಸಿ. ಗೋಡೆ, ಮಾಳಿಗೆಯಡಿ ಸೇರಿ ಸುಮಾರು ಅಷ್ಟೇ ಬರುತ್ತದೆ. ಪೇಂಟರ್ ಅದಕ್ಕಿಂತ ತುಂಬ ಜಾಸ್ತಿ ಹೇಳಿದರೆ ಜೊತೆಯಲ್ಲಿ ನಿಂತು ಟೇಪ್ ಹಿಡಿಸಿ. ಬಣ್ಣ ತಿಳಿಯಾಗಿರಲಿ, ಎಲ್ಲ ರೂಮಿಗೂ ಒಂದೇ ಇರಲಿ. ಹೊರಗೆ ಮುಂಭಾಗ, ಕಾಂಪೌಂಡ್, ಗೇಟು. ಗೇಟಿಗೆ ಹೊಡೆಸುವ ಒಂದು ಡಬ್ಬ ಪೇಂಟ್‌ನಷ್ಟು ಲಾಭ ಕೊಡುವ ಖರ್ಚು ಇಡೀ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಮೇಸ್ತ್ರಿಯ ಜೊತೆ ಬಾಯಿಮಾತಿನ ವ್ಯವಹಾರ ಬೇಡ. ನೀವು ಬೆಂಗಳೂರಿನಲ್ಲಿ ಕೂತು ಮಾಡಿಸುವವರು. ಬಿಳಿ ಹಾಳೆಯಲ್ಲೇ ಸಾಕು, ಬರೆಯಿರಿ. ಯಾವ ಕೆಲಸ, ಲೇಬರ್ ಮಾತ್ರವೋ ಮೆಟೀರಿಯಲ್ ಸೇರಿಯೋ, ಯಾವ ಬ್ರ್ಯಾಂಡ್, ಎಷ್ಟು ಕೋಟ್, ಒಡೆದ ಕಸ ಸಾಗಿಸುವುದು ಯಾರ ಲೆಕ್ಕ. ಅಡ್ವಾನ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಕೊಡಬೇಡಿ. ಬಾತ್‌ರೂಮಿನ ಕೆಲಸದ ಕೊನೇ ಕಂತು, ಮತ್ತೊಮ್ಮೆ 24 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆ. ಒಬ್ಬರೇ ಎಲ್ಲ ಮಾಡುತ್ತೇನೆ ಅಂದರೂ ಪ್ಲಂಬರ್, ಎಲೆಕ್ಟ್ರಿಷಿಯನ್ ಯಾರು ಅಂತ ಕೇಳಿ, ಅವರ ಜೊತೆ ನೀವೇ ಮಾತಾಡಿ.

ಕ್ಯಾಲೆಂಡರ್ ಹೀಗಿರಲಿ. ಹಿಂಗಾರು ಮುಗಿಯುವ ತನಕ ತಾರಸಿ ಮುಟ್ಟಬೇಡಿ. ಅಲ್ಲಿಯವರೆಗೆ ಕಾಗದ ಓಡಾಟ. ಡಿಸೆಂಬರ್ ಮಧ್ಯದಿಂದ ಧನುರ್ಮಾಸ. ಹೊಸದೇನನ್ನೂ ಶುರು ಮಾಡಲು ಹಿರಿಯರು ಒಪ್ಪುವುದಿಲ್ಲ, ಆದರೆ ಮನೆ ಖಾಲಿ ಮಾಡಲು, ತೇವದ ಪರೀಕ್ಷೆ ಮಾಡಲು ಅದೇ ಸರಿಯಾದ ಸಮಯ. ಸಂಕ್ರಾಂತಿ ಕಳೆದ ಮೇಲೆ ಬಾತ್‌ರೂಮು, ತಾರಸಿ, ಗಾರೆ ಕೆಲಸ. ಫೆಬ್ರವರಿ ಒಣಗುವುದಕ್ಕೆ ಬಿಡಿ, ಆಗಲೇ ವೈರಿಂಗ್ ಮುಗಿಸಿ. ಮಾರ್ಚ್‌ನಲ್ಲಿ ನೆಲದ ಪಾಲಿಶ್, ಪೇಂಟು. ಯುಗಾದಿ ಕಳೆದ ಮೇಲೆ ಮನೆ ತೋರಿಸಲು ಶುರು ಮಾಡಿ. ಮಕ್ಕಳ ಶಾಲೆ ನೋಡಿಕೊಂಡು ಮನೆ ಹುಡುಕುವವರು ಏಪ್ರಿಲ್, ಮೇ ತಿಂಗಳಲ್ಲೇ ಓಡಾಡುವುದು. ಏಪ್ರಿಲ್ ಕೊನೆಗೆ ಭರಣಿ ಮಳೆ ಒಂದೆರಡು ಬಿದ್ದರೆ ತಾರಸಿ ಕೆಲಸದ ಪರೀಕ್ಷೆಯೂ ಆಗಿಹೋಗುತ್ತದೆ. ಆಷಾಢ ಬಂತೆಂದರೆ ನೋಡುವವರು ಕಡಿಮೆ, ಅಡ್ವಾನ್ಸ್ ಕೊಡುವವರು ಇನ್ನೂ ಕಡಿಮೆ. ಅಷ್ಟರೊಳಗೆ ಆಗದಿದ್ದರೆ ಬೆಲೆ ಇಳಿಸಬೇಡಿ, ಶ್ರಾವಣದವರೆಗೆ ತಾಳಿ.

ಮನೆ ಖಾಲಿ ಮಾಡುವ ಮಾತು ಬಂತಲ್ಲ, ಅಮ್ಮನನ್ನು ಬಿಟ್ಟು ಆ ಕೆಲಸ ಮಾಡಬೇಡಿ. ಅಟ್ಟದ ಹಿತ್ತಾಳೆ ಪಾತ್ರೆ, ಟ್ರಂಕು, ಅಪ್ಪನ ಪುಸ್ತಕ ಯಾವುದು ಯಾರಿಗೆ ಅಂತ ಅವರೇ ಹೇಳಲಿ. ದೇವರ ಮನೆಯ ವಿಗ್ರಹ, ಫೋಟೋಗಳನ್ನು ಗೋಡೆ ಕೆಲಸ ಶುರುವಾಗುವ ಮುಂಚೆ ಅವರ ಕೈಯಿಂದಲೇ, ಒಂದು ಒಳ್ಳೆ ದಿನ ನೋಡಿ, ತೆಗೆಸಿ ನಿಮ್ಮ ಮನೆಗೆ ತನ್ನಿ. ಮೂವತ್ತೈದು ವರ್ಷ ದೀಪ ಹಚ್ಚಿದವರಿಗೆ ಇದು ಸಣ್ಣ ವಿಷಯ ಅಲ್ಲ. ಕೆಲಸದವರು ಚೀಲದಲ್ಲಿ ಕಟ್ಟಿ ಮೂಲೆಗಿಟ್ಟದ್ದನ್ನು ಅವರು ಆಮೇಲೆ ನೋಡುವ ಹಾಗೆ ಆಗಬಾರದು.

ಖರ್ಚನ್ನು ಯಾರು ಹಾಕುತ್ತಾರೆ ಅನ್ನುವುದನ್ನು ಈಗಲೇ ತೀರ್ಮಾನಿಸಿ. ಮಾರಿದ ದುಡ್ಡಿನಲ್ಲಿ ಮೊದಲು ರಿಪೇರಿ ಹಾಕಿದವರ ದುಡ್ಡು ವಾಪಸ್, ಉಳಿದದ್ದು ನಾಲ್ಕು ಪಾಲು ಅಂತ ನಾಲ್ವರೂ ಒಪ್ಪಿ, ಒಂದು ಕಡೆ ಬರೆದಿಡಿ. ಅಕ್ಕನಿಗೆ ಬಿಲ್ಲುಗಳ ಫೋಟೋ ಆಗಾಗ ಕಳಿಸುತ್ತಾ ಇರಿ.

ತೆರಿಗೆಯನ್ನು ಆಡಿಟರ್ ಹತ್ತಿರ ಕೂತು ನೋಡಬೇಕು, ಆದರೂ ರಿಪೇರಿಗೆ ಸಂಬಂಧಿಸಿದ್ದನ್ನು ಹೇಳುತ್ತೇನೆ. ಪೇಂಟು, ಸಣ್ಣಪುಟ್ಟ ರಿಪೇರಿಯ ಖರ್ಚನ್ನು ಸಾಮಾನ್ಯವಾಗಿ ಮನೆ ಮಾರಿದ ಲಾಭದಿಂದ ಕಳೆಯಲು ಬಿಡುವುದಿಲ್ಲ. 2006ರಲ್ಲಿ ರೂಮು ಕಟ್ಟಿಸಿದ ಖರ್ಚಿಗೆ ದಾಖಲೆ ಇದ್ದರೆ ಅದನ್ನು ಕಳೆಯಬಹುದು. ಅಪ್ಪನ ಪಾಸ್‌ಬುಕ್, ಸಾಲದ ಕಾಗದ, ಸಿಮೆಂಟ್ ಕಬ್ಬಿಣದ ಬಿಲ್ಲು ಏನು ಸಿಕ್ಕರೂ ಎತ್ತಿಡಿ. ಮನೆ 2001ರ ಏಪ್ರಿಲ್ 1ಕ್ಕಿಂತ ಮುಂಚಿನದಾದ್ದರಿಂದ ಆ ದಿನದ ಬೆಲೆಯನ್ನೇ ಮೂಲಬೆಲೆಯಾಗಿ ಹಿಡಿಯುವ ಅವಕಾಶ ಇದೆ. ಅದಕ್ಕೆ ರಿಜಿಸ್ಟರ್ಡ್ ವ್ಯಾಲ್ಯುವರ್ ವರದಿ ಬೇಕು, ಆದ್ದರಿಂದ ಏನನ್ನಾದರೂ ಒಡೆಯುವ ಮುಂಚೆಯೇ ಅವರಿಗೆ ಮನೆ ತೋರಿಸಿ. 2024ರ ಜುಲೈ 23ಕ್ಕಿಂತ ಮೊದಲು ಬಂದ ಆಸ್ತಿಗೆ, ಇಲ್ಲಿ ವಾಸ ಇರುವವರು ಲಾಭಕ್ಕೆ 12.5 ಪರ್ಸೆಂಟ್ ತೆರಿಗೆಯ ಲೆಕ್ಕ, ಬೆಲೆಯೇರಿಕೆ (ಹಣದುಬ್ಬರ) ಕಳೆದು 20 ಪರ್ಸೆಂಟ್ ಲೆಕ್ಕ ಎರಡನ್ನೂ ಹಾಕಿ ಕಡಿಮೆ ಬಂದಷ್ಟು ಕಟ್ಟಬಹುದು. ಮುಂಗಡ ಹಣವನ್ನು 20,000 ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಳ್ಳಬೇಡಿ. ದಂಡ ಬೀಳುತ್ತದೆ. ಒಟ್ಟು ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಇಲ್ಲಿ ವಾಸ ಇರುವ ನಿಮ್ಮ ಪಾಲುಗಳಿಂದ 1 ಪರ್ಸೆಂಟ್ ತೆರಿಗೆ ಹಿಡಿದು ಕಟ್ಟುತ್ತಾರೆ. ನಾಲ್ವರಿಗೂ ಪ್ಯಾನ್ ಇರಲಿ.

ಅಣ್ಣನ ವಿಷಯ ಬೇರೆ. ಅವರು ಅನಿವಾಸಿ ಆಗಿದ್ದರೆ ಆ 20 ಪರ್ಸೆಂಟ್‌ನ ಆಯ್ಕೆ ಅವರಿಗಿಲ್ಲ, 1 ಪರ್ಸೆಂಟ್ ಕಡಿತದ ನಿಯಮವೂ ಅನ್ವಯಿಸುವುದಿಲ್ಲ. ಅವರ ಪಾಲಿನಿಂದ ಕೊಳ್ಳುವವರು ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬೇಕಾಗುತ್ತದೆ. ಅದು ತೀರ ಜಾಸ್ತಿ ಆಗದಿರಲು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಮೊದಲೇ ಪಡೆಯಬೇಕು. ಸಹಿ ಹಾಕಲು ಅವರು ಬರಲಾಗದಿದ್ದರೆ ನಿಮಗೋ ಅಕ್ಕನಿಗೋ ಜಿಪಿಎ (ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕೊಡಬೇಕು. ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಿದರೆ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾಡ್ಯುಲರ್ ಕಿಚನ್ ವಿಷಯ ಸದ್ಯಕ್ಕೆ ಬಿಟ್ಟು, ಈ ಎರಡು ಕೆಲಸವನ್ನು ಈ ತಿಂಗಳೇ ಶುರು ಮಾಡಲು ಅವರಿಗೆ ಹೇಳಿ. ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಸಮಯ ಹಿಡಿಯುವುದು ಇವೇ.